ಹೆಸರು ನೇಯ್ದ ಜಮಖಾನೆ

ಇದರಲ್ಲಿ ಕೆಲವು ತಪ್ಪುಗಳಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರ ಕೆರೆಯ ಏರಿಯ ಮೇಲೆ ಇದ್ದದ್ದು ಬೇವಿನ ಮರ ಎಂದು ನಾನು, ಬನ್ನಿ ಮರ ಎಂದು ಅವ್ವ, ಇಬ್ಬರೂ ಎಷ್ಟೋ ಸಲ ಜಗಳಾಡಿದ್ದೇವೆ. ಮರವೇ ಈಗ ಇಲ್ಲವಾದ್ದರಿಂದ ಇಬ್ಬರೂ ಗೆದ್ದಂತೆಯೇ. ಚಿಕ್ಕವಳಿದ್ದಾಗಿನಿಂದ ದಿನಚರಿ ಬರೆಯುವ ಚಟ ನನಗೆ; ಹಾಗಾಗಿ ನನ್ನ ನೆನಪು ಬಹಳ ಗಟ್ಟಿ ಎಂದು ಮನೆಯವರೆಲ್ಲ ನಂಬಿದ್ದಾರೆ. ಸತ್ಯ ಏನೆಂದರೆ, ನಾನು ಈಗ ಹೇಳಹೊರಟಿರುವ ದಿನದ ಪುಟದಲ್ಲಿ ಇರುವುದು ಇಷ್ಟೇ: "ಕಾಕಾನಿಗೆ ಸನ್ಮಾನ ಆಯಿತು. ಬಿಸಿಲು ಬಹಳ. ಬೂಂದಿ ಚೆನ್ನಾಗಿತ್ತು." ಧಾರವಾಡದಲ್ಲಿ ಎಂ.ಎ. ಮಾಡಿಕೊಂಡು ಬಂದವಳು ಬರೆದ ಮೂರು ವಾಕ್ಯ. ಅವುಗಳಲ್ಲಿ ಇಂದಿಗೂ ನಾನು ಎದೆ ತಟ್ಟಿ ಹೇಳಬಲ್ಲದ್ದು ಬೂಂದಿಯದೊಂದೇ.

ಹೋದ ತಿಂಗಳು ನವಲಗುಂದಕ್ಕೆ ಹೋಗಿದ್ದೆ. ನನ್ನ ಕಾಕು ಗಂಗವ್ವ, ಅಂದರೆ ಅಪ್ಪನ ತಮ್ಮ ಬಸಪ್ಪ ಕಾಕಾನ ಹೆಂಡತಿ, ಈಗ ಅಲ್ಲಿ ಮಗಳ ಮನೆಯಲ್ಲಿ ಇರುತ್ತಾಳೆ. ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ನಾನು ಹೋದ ದಿನ ಆ ಮನೆಗೆ ಸುಣ್ಣ ಹಚ್ಚುತ್ತಿದ್ದರು. ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕಿಳಿದು, ಬಹಳ ದಿನದ ಮೇಲೆ ಬಿಸಿಲು ಕಂಡ ಮುದುಕರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿತ್ತು. ಅದರ ನಡುವೆ ಒಂದು ಕೆಂಪು ಸುರುಳಿ. ಅಂಚಿನ ನವಿಲು ನೋಡಿದೊಡನೆ ಗುರುತು ಸಿಕ್ಕಿತು. ಬಿಚ್ಚಿದೆ. ನವಲಗುಂದದ ಜಮಖಾನೆ, ನಾಲ್ಕು ಮೂಲೆಗೆ ನಾಲ್ಕು ನವಿಲು, ಸುತ್ತ ಪಗಡೆ ಮನೆ. ನಡುವೆ ಬಿಳಿ ನೂಲಿನಲ್ಲಿ ಕಾಕಾನ ಹೆಸರು ಇರಬೇಕಿತ್ತು. ಇರಲಿಲ್ಲ. ಆ ಜಾಗದ ನೂಲನ್ನು ಯಾರೋ ಎಳೆ ಎಳೆಯಾಗಿ ಬಿಚ್ಚಿ ತೆಗೆದು, ಬರಿದಾದ ಕಡೆಗೆ ಕೆಂಪು ನೂಲಿನಿಂದ ಸೂಜಿಯಲ್ಲಿ ತುಂಬಿದ್ದರು. ಮುಟ್ಟಿದರೆ ತಿಳಿಯುವಂಥ ಒಂದು ಉಬ್ಬು. ಹಳೆಯ ಗಾಯದ ಕಲೆಯ ಹಾಗೆ.

ಅಲ್ಲಿಂದ ನಾನು ಬಸ್ಸಿನಲ್ಲಿ ಮನೆಗೆ ಬಂದೆನಾದರೂ, ಮನಸ್ಸು ಬೇರೆ ದಾರಿ ಹಿಡಿದು ಕೆರೆಗೆ ಹೋಯಿತು.

ನಮ್ಮೂರು ನವಲಗುಂದಕ್ಕೂ ಅಣ್ಣಿಗೇರಿಗೂ ನಡುವೆ, ಕರಿ ಎರೆಮಣ್ಣಿನ ಬಯಲಿನಲ್ಲಿದೆ. ಅಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವುದಕ್ಕೆ ಇದ್ದದ್ದು ಒಂದೇ ಕೆರೆ. ಮಳೆಗಾಲದಲ್ಲಿ ತುಂಬಿದ ನೀರನ್ನು ಇಡೀ ಊರು ವರ್ಷವೆಲ್ಲ ಕುಡಿಯಬೇಕು. ಅದರಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಕಾಲಿಡುವಂತಿಲ್ಲ. ಕೊನೆಯ ಒಣ ಮೆಟ್ಟಿಲ ಮೇಲೆ ಕೂತು, ಬಗ್ಗಿ, ಕೊಡ ತುಂಬಿಕೊಂಡು ಬರಬೇಕು. ಈ ನಿಯಮ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ನಿಯಮಗಳಿಗೆ ಏನಾಗುತ್ತದೋ ಅದೇ ಅದಕ್ಕೂ ಆಗುತ್ತಿತ್ತು.

ಕಾಕಾನಿಗೆ ಹರೆಯದಲ್ಲಿ ನಾರುಹುಣ್ಣು ಆಗಿತ್ತು. ಈಗಿನವರಿಗೆ ಅದರ ಹೆಸರೂ ಗೊತ್ತಿಲ್ಲ, ಒಳ್ಳೆಯದೇ ಆಯಿತು. ಕುಡಿದ ನೀರಿನಿಂದ ಮೈಯೊಳಗೆ ಹೋದ ಹುಳ, ವರ್ಷದ ಮೇಲೆ ದಾರದ ಹಾಗೆ ಕಾಲಿನಿಂದ ಹೊರಗೆ ಬರುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದು ಬೆರಳಷ್ಟು ಹೊರಗೆಳೆಯಬೇಕು. ಹರಿದರೆ ಕಾಲು ಹೋಯಿತು. ಕಾಕಾನದು ಹರಿದಿತ್ತು. ಎಡಗಾಲು ಮೊಣಕಾಲಲ್ಲಿ ಕೀಲು ಹಿಡಿದ ಬಾಗಿಲಿನ ಹಾಗೆ ಅರ್ಧಕ್ಕೇ ನಿಂತಿತು. ಹುಣ್ಣು ಇದ್ದವರು ನೀರಿಗೆ ಕಾಲಿಟ್ಟರೆ ಇಡೀ ಊರಿಗೆ ಹರಡುತ್ತದೆ ಎಂದು ದವಾಖಾನೆಯಲ್ಲಿ ಯಾರೋ ಅವನಿಗೆ ಹೇಳಿದರಂತೆ. ಅಂದಿನಿಂದ ಅವನು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕೆರೆಗೆ ಹೋಗಿ, ಮೇಲಿನ ಮೆಟ್ಟಿಲ ಬಾಜು ಒಂದು ಹರಕು ಜಮಖಾನೆಯ ತುಂಡು ಹಾಸಿಕೊಂಡು ಕೂಡುತ್ತಿದ್ದ. ಹೊತ್ತು ಏರಿ ನೀರಿನವರು ಮುಗಿಯುವವರೆಗೆ. ಯಾರೂ ಅವನಿಗೆ ಈ ಕೆಲಸ ಹೇಳಿರಲಿಲ್ಲ. ಬೇಡ ಎಂದವರು ಮಾತ್ರ ಬಹಳ ಮಂದಿ ಇದ್ದರು, ಕಾಕು ಮೊದಲು ಮಾಡಿ.

ಅಲ್ಲಿ ಕೂತು ಅವನು ಮಾಡುತ್ತಿದ್ದ ಕೆಲಸ ಬೈಯುವುದು. ಇದನ್ನು ನೀವು ಚೆನ್ನಾಗಿ ನೆನಪಿಡಬೇಕು, ಏಕೆಂದರೆ ಮುಂದೆ ಒಂದು ದಿನ ನಾನೇ ಮರೆತೆ.

"ಏ ಹನಮ್ಯಾ, ಅದೇನ ಕಾಲಲೇ, ಎಮ್ಮಿ ಗೊರಸೋ? ಮ್ಯಾಲ ತೊಳಕೊಂಡ ಇಳೀಲೇ!"

"ಏ ಯವ್ವಾ, ಕೊಡಾ ಮನ್ಯಾಗ ತಿಕ್ಕಿಕೊಂಡ ಬಾ. ನಿನ್ನ ಒಲಿ ಬೂದಿ ನಾ ಯಾಕ ಕುಡೀಲಿ?"

"ಯಾಂವಲೇ ಅಂವಾ ಕೆರಾ ಹಾಕ್ಕೊಂಡ ನಿಂತಾಂವ? ಮದುವಿಗೆ ಬಂದೀಯೇನಲೇ ಮಗನ?"

ಚಳಿಗಾಲದ ಬೆಳಗು ನನ್ನ ಕಣ್ಣಿಗೆ ಕಟ್ಟಿದಂತಿದೆ, ಅಥವಾ ನಾನೇ ಕಟ್ಟಿಕೊಂಡಿದ್ದೇನೆ. ಕಡಲೆ ಹೊಲದ ಬದುವಿನ ಮೇಲೆ ಅವ್ವನ ಹಿಂದೆ ನಡೆದು ಹೋಗುವಾಗ ಗಿಡದ ಹುಳಿ ಇಬ್ಬನಿ ಕಾಲಿಗೆ ತಾಗಿ ಚುರುಚುರು ಎನ್ನುತ್ತಿತ್ತು. ಹೆಂಗಸರು ಆ ಗಿಡಗಳ ಮೇಲೆ ತೆಳ್ಳಗಿನ ಅರಿವೆ ಹಾಸಿ, ಇಬ್ಬನಿ ಹೀರಿದ ಮೇಲೆ ಹಿಂಡಿ, ಹುಳಿಯನ್ನು ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆ ನೋವಿಗೆ ಔಷಧ. ಹೊಟ್ಟೆ ನೋವು ಎಂದು ಸುಳ್ಳು ಹೇಳಿ ಆ ಹುಳಿ ನೆಕ್ಕುವ ಚಾಳಿ ನನಗಿತ್ತು. ಇರಲಿ. ಕೆರೆ ಇನ್ನೂ ಕಾಣದಿರುವಾಗಲೇ ಕಾಕಾನ ದನಿ ಕೇಳುತ್ತಿತ್ತು. ನೀರಿನ ಮೇಲೆ ಮಂಜು. ಅದರ ಮೇಲೆ ತೇಲಿಕೊಂಡು ಬರುವ ಬೈಗುಳ. ಎದುರಿನ ಏರಿಗೆ ಬಡಿದು ಅದು ಮತ್ತೊಮ್ಮೆ ಕೇಳುತ್ತಿತ್ತು, ಎರಡನೆಯ ಸಲ ಸ್ವಲ್ಪ ಮೆತ್ತಗೆ, ಬೈದವನೇ ಆಮೇಲೆ ಮರುಗಿದ ಹಾಗೆ. ಕೆರೆಯೊಳಗೆ ಇನ್ನೊಬ್ಬ ಕಾಕಾ ಇದ್ದಾನೆ, ಅವನು ಇವನಿಗಿಂತ ಒಳ್ಳೆಯವನು ಎಂದು ನಾನು ಬಹಳ ದಿನ ನಂಬಿದ್ದೆ.

ಇನ್ನೊಂದು ಮಾತು. ಅದನ್ನು ಹೇಳಲು ಈಗಲೂ ನನಗೆ ಸಂಕೋಚ. ಹೊರಗೇರಿಯವರು ಆ ಕೆರೆಯ ನೀರಿಗೆ ಕೈ ಹಚ್ಚುವಂತಿರಲಿಲ್ಲ. ಅವರು ಬಂದು ಬದಿಯ ಒಂದು ಬಂಡೆಯ ಹತ್ತಿರ ಕೊಡ ಇಟ್ಟು ನಿಲ್ಲಬೇಕು. ನೀರಿಗೆ ಇಳಿದವರು ಯಾರಾದರೂ ಮನಸ್ಸು ಬಂದರೆ ತಮ್ಮ ಕೊಡದಿಂದ ಸುರಿಯಬೇಕು. ಮನಸ್ಸು ಅಷ್ಟು ಸುಲಭಕ್ಕೆ ಬರುತ್ತಿರಲಿಲ್ಲ. ಆ ಬಂಡೆಯ ಹತ್ತಿರ ದಿನಾ ನಿಲ್ಲುತ್ತಿದ್ದವಳು ಫಕೀರವ್ವ. ಬೆನ್ನು ಬಾಗಿದ ಮುದುಕಿ, ಕಂಕುಳಲ್ಲಿ ಚಿಕ್ಕ ಮಣ್ಣಿನ ಕೊಡ. ಅವಳು ಕಂಡೊಡನೆ ಕಾಕಾನ ಬಾಯಿ ಆ ಕಡೆಗೆ ತಿರುಗುತ್ತಿತ್ತು.

"ಏ, ಆ ಮುದುಕಿ ಕೊಡಾ ಮೊದಲ ತುಂಬ್ರಿ! ನಿಮಗೇನ ರೊಟ್ಟಿ ಸುಡೂದು ತಡಾ ಆಗತೈತಿ, ಆಕಿಗೇನ ಒಲಿ ಇಲ್ಲೇನು? ತುಂಬಬೇ, ಏನ ನೋಡತೀ ನನ್ನ ಮಾರಿ!"

ಬೈಗುಳ ತಪ್ಪಿಸಿಕೊಳ್ಳಲು ಯಾರಾದರೊಬ್ಬರು ತುಂಬುತ್ತಿದ್ದರು. ಕಾಕಾ ಫಕೀರವ್ವನಿಗೆ "ನೀನs ಇಳಿದು ತುಂಬಿಕೋ" ಎಂದು ಒಂದು ದಿನವೂ ಹೇಳಲಿಲ್ಲ. ಅಷ್ಟು ದೊಡ್ಡವನಲ್ಲ ಅವನು. ಅಷ್ಟು ದೊಡ್ಡವಳು ನಾನೂ ಅಲ್ಲ. ಪುಸ್ತಕ ಓದಿದ ಮೇಲೂ ಆಗಲಿಲ್ಲ. ಅವಳ ಪಾಲಿಗೆ ಅಲ್ಲಿ ಇದ್ದದ್ದು ಕಾಕಾನ ಬಾಯಿ ಒಂದೇ.

ಎಂ.ಎ. ಮುಗಿಸಿ ನಾನು ಊರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ ಎಲ್ಲೋ. ನೌಕರಿ ಇನ್ನೂ ಸಿಕ್ಕಿರಲಿಲ್ಲ. ತಲೆಯಲ್ಲಿ ದೊಡ್ಡ ದೊಡ್ಡ ಶಬ್ದಗಳು ತುಂಬಿಕೊಂಡು, ಅವನ್ನು ಇಳಿಸಲು ಜಾಗ ಹುಡುಕುತ್ತಿದ್ದೆ. ಆಗ ಊರ ತರುಣ ಸಂಘದವರು ವಾರ್ಷಿಕೋತ್ಸವ ಮಾಡುವವರಿದ್ದರು. ಊರಿಗೆ ಸೇವೆ ಮಾಡಿದವರೊಬ್ಬರಿಗೆ ಸನ್ಮಾನ ಮಾಡೋಣ ಎಂದು ನಾನು ಎದ್ದು ನಿಂತು ಹೇಳಿದೆ. ಹೆಸರೂ ನಾನೇ ಹೇಳಿದೆ. ಸ್ವಂತ ಕಾಕಾನ ಹೆಸರು ಹೇಳಲು ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ. ಆಗಲಿಲ್ಲ.

ಶಾಲೆಯ ಪಡಸಾಲೆಯಲ್ಲಿ ಅದಕ್ಕೊಂದು ಸಭೆಯಾಯಿತು. ಹೆಡ್ ಮಾಸ್ತರು ನನ್ನ ಕಡೆ.

"ಮಾಡೂಣ್ರಿ. ಇಂಥಾವ್ರನ್ನ ನಾಕ ಮಂದಿ ಮುಂದ ಕರದು ಕುಂಡ್ರಿಸಿದ್ರ ಉಳದವರಿಗೂ ಹುರುಪ ಬರತೈತಿ."

ಶಿವಲಿಂಗಜ್ಜ ಎಂಬ ಹಿರಿಯರೊಬ್ಬರು ಕಂಬಕ್ಕೆ ಆತು ಕೂತಿದ್ದರು. ಅಡಿಕೆ ಕತ್ತರಿಸುತ್ತ, ತಲೆ ಎತ್ತದೆ ಹೇಳಿದರು:

"ಇಲ್ಲೀತನಕಾ ಬಸ್ಯಾ ಸುಮ್ನ ಕುಂತಾನ. ನಾಳೆ ನೀವು ಹಾರಾ ಹಾಕಿದ್ರಿ ಅಂದ್ರ, ಹಾರದ ಸಲುವಾಗಿ ಕುಂತಿದ್ದ ಅನ್ನಾವ್ರು ಹುಟ್ಟತಾರ."

"ಅಜ್ಜಾರ, ಹಾಂಗಂತ ಬಿಟ್ರ, ಮಾಡಿದವರನ್ನ ಗುರುತಿಸೂದು ಯಾವಾಗ್ರಿ?" ಎಂದೆ ನಾನು. ಗುರುತಿಸುವುದು ಎಂಬ ಶಬ್ದ ಆಗ ನನಗೆ ಬಹಳ ಪ್ರಿಯವಾಗಿತ್ತು.

"ಗುರುತು ಇಲ್ಲೇನು? ಅಂವನ ದನಿ ಕೇಳಿದ್ರ ಎಮ್ಮಿ ಸೈತ ಗುರುತು ಹಿಡೀತಾವು," ಎಂದರು ಅಜ್ಜ. ಪಡಸಾಲೆಯೆಲ್ಲ ನಕ್ಕಿತು. ನಗೆಯಲ್ಲೇ ಸನ್ಮಾನ ಪಾಸಾಯಿತು. ನಮ್ಮೂರಲ್ಲಿ ಬಹಳ ನಿರ್ಧಾರಗಳು ಹಾಗೆಯೇ ಆಗುತ್ತವೆ.

ಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂವಗ ಏನ ಕೊಡಬ್ಯಾಡ್ರಿ ಬೇ," ಎಂದಳು. "ಅಂವಾ ಕೊಟ್ಟಿದ್ದನ್ನ ಇಟಗೊಳ್ಳಾಕ ಬರಲಾರದ ಮನಶಾ." ಇದು ನಾನು ಕೇಳಿದ ಮಾತೇ ಅಥವಾ ಮುಂದೆ ಆದದ್ದನ್ನು ನೋಡಿ ಅವಳ ಬಾಯಿಗೆ ನಾನು ತುರುಕಿದ್ದೇ, ಖಾತ್ರಿ ಇಲ್ಲ. ರೊಟ್ಟಿಯ ಸದ್ದು ಮಾತ್ರ ಖಾತ್ರಿ.

ಶಾಲು ಬೇಡ, ಎರೆನಾಡಿನ ಬಿಸಿಲಲ್ಲಿ ಯಾರು ಹೊದೆಯುತ್ತಾರೆ. ಕಾಕಾ ಹರಕು ತುಂಡಿನ ಮೇಲೆ ಕೂಡುತ್ತಾನೆ, ಅವನಿಗೆ ಹೊಸ ಜಮಖಾನೆಯನ್ನೇ ಕೊಡೋಣ, ಅದರ ನಡುವೆ ಅವನ ಹೆಸರು ನೇಯಿಸೋಣ ಎಂದವಳು ನಾನು. ಚೌಕುಳಿ ಹಾಳೆಯ ಮೇಲೆ ಹೆಸರನ್ನು ಬರೆದೆ, ಒಂದೊಂದು ಚೌಕಕ್ಕೆ ಒಂದೊಂದು ಎಳೆ ಎಂದು. ನಾಲ್ಕು ದಿನ ಕೂತು ಬರೆದೆ. ನನ್ನ ಎಂ.ಎ. ಪ್ರಬಂಧಕ್ಕೂ ಅಷ್ಟು ಶ್ರದ್ಧೆ ತೋರಿಸಿರಲಿಲ್ಲ. ಹಾಳೆ ಸುರುಳಿ ಮಾಡಿಕೊಂಡು ಬಸ್ ಹತ್ತಿ ನವಲಗುಂದಕ್ಕೆ ಹೋದೆ.

ಜಮಖಾನೆ ನೇಯುವ ಮಾಬೂಬಿಯ ಮನೆ ಒಂದು ಓಣಿಯ ತುದಿಗೆ. ಒಳಗಿನ ಕೋಣೆಯಲ್ಲಿ ಮಗ್ಗ ಗೋಡೆಗೆ ಒರಗಿದಂತೆ ನೆಟ್ಟಗೆ ನಿಂತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿದ್ದವು. ಅವು ಇಳಿಯುತ್ತಲೇ ಇರಲಿಲ್ಲ. ಮಾಬೂಬಿ ಕಬ್ಬಿಣದ ಪಂಜದಿಂದ ನೂಲನ್ನು ಕೆಳಗೆ ಬಡಿಯುವ ಧಪ್ ಧಪ್ ಸದ್ದಿಗೆ ನನಗೆ ಕೂತಲ್ಲೇ ತೂಕಡಿಕೆ ಬಂದಿತ್ತು. ಅವಳು ಹಾಳೆಯನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದಳು. ಓದಲು ಬರುತ್ತಿರಲಿಲ್ಲ.

"ಏನೈತವ್ವಾ ಇದರಾಗ?"

"ಹೆಸರ್ರಿ. ಬಸಪ್ಪ ಅಂತ. ನಮ್ಮ ಕಾಕಾಂದು."

ಅವಳು ಆ ಚೌಕಗಳ ಮೇಲೆ ಬೆರಳಾಡಿಸಿದಳು. "ಹಾಸೂದರ ಮ್ಯಾಲ ಹೆಸರ ಹಾಕಿದ್ರ, ಕುಂಡ್ರಾವ್ರು ಎಲ್ಲಿ ಕುಂಡ್ರಬೇಕವ್ವಾ?"

"ಇದು ಸನ್ಮಾನದ ಜಮಖಾನಿರಿ," ಎಂದೆ, ಅದೇ ಉತ್ತರ ಎಂಬಂತೆ.

"ಹಾಂಗಾದ್ರ ಗ್ವಾಡಿಗೆ ತೂಗ ಹಾಕಾಕೇನು?"

"ಅಲ್ಲರಿ, ಕುಂಡ್ರಾಕ."

ಅವಳು ನಕ್ಕು ಹಾಳೆಯನ್ನು ಮಗ್ಗದ ಹಿಂದೆ ಸಿಕ್ಕಿಸಿಕೊಂಡಳು. ಓದಿದವರ ಜೊತೆ ಹೆಚ್ಚು ಮಾತಾಡಬಾರದೆಂಬ ಬುದ್ಧಿ ಅವಳಿಗಿತ್ತು.

ಸನ್ಮಾನದ ದಿನ, ಚಳಿಗಾಲವಾದರೂ, ಬಿಸಿಲು ಬಹಳವಿತ್ತೆಂದು ದಿನಚರಿ ಹೇಳುತ್ತದೆ. ಶಾಲೆಯ ಅಂಗಳದಲ್ಲಿ ಚಪ್ಪರ. ಕಾಕಾನನ್ನು ಮಾಸ್ತರರ ಕುರ್ಚಿಯ ಮೇಲೆ ಕೂಡಿಸಿದ್ದರು. ಮಡಚಲಾರದ ಎಡಗಾಲು ಮುಂದೆ ಚಾಚಿಕೊಂಡಿತ್ತು; ಹಾರ ಹಾಕಲು ಬಂದವರೆಲ್ಲ ಅದನ್ನು ಎಡವಿದರು. ನಾನು ಬರೆದ ಮಾನಪತ್ರವನ್ನು ನಾನೇ ಓದಿದೆ. ಅದರಲ್ಲಿ "ನಿಸ್ವಾರ್ಥ" ಇತ್ತು, "ನಿರಂತರ" ಇತ್ತು, "ಮಿತಭಾಷಿ, ಮೃದುಭಾಷಿ, ಸೌಜನ್ಯದ ಸಾಕಾರಮೂರ್ತಿ" ಇತ್ತು. ಸನ್ಮಾನಿತರೆಂದರೆ ಮೃದುಭಾಷಿಗಳು ಇರಲೇಬೇಕು ಎಂದು ಯಾರು ನನಗೆ ಕಲಿಸಿದರೋ ಕಾಣೆ. ಕಾರ್ಯಕ್ರಮಗಳಲ್ಲಿ ಕೇಳಿ ಕೇಳಿ ಕಿವಿಗೆ ಅಂಟಿದ್ದ ಶಬ್ದಗಳು ಕೈಗೆ ಇಳಿದವು. ಅವನು ಬೈಯುತ್ತಿದ್ದ ಎಂದು ಬರೆಯಲಿಲ್ಲ. ಯಾರಿಗಾಗಿ ಬೈಯುತ್ತಿದ್ದ ಎಂದಂತೂ ಬರೆಯಲಿಲ್ಲ. ಫಕೀರವ್ವ ಚಪ್ಪರದ ಹೊರಗೆ ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಇನ್ನೊಂದು ಉಪಕಾರವನ್ನೂ ಆ ದಿನ ನಾನು ಮಾಡಿದೆ. ಕೆರೆಯ ಮೇಲಿದ್ದ ಹಳೆಯ ಹರಕು ತುಂಡನ್ನು, ಇನ್ನೇನು ಮಾಡುವುದೆಂದು, ನಾನೇ ಒಯ್ದು ತಿಪ್ಪೆಗೆ ಎಸೆದು ಬಂದೆ.

ಸಂಜೆ ಮನೆಯಲ್ಲಿ ಕಾಕಾ ಮಾನಪತ್ರವನ್ನು ನನ್ನ ಕೈಗೆ ಕೊಟ್ಟ. "ಇನ್ನೊಮ್ಮಿ ಓದ ಬೇ." ಓದಿದೆ. "ಅದs, ನಡುವ ಬಂತಲ್ಲ, ಮೃದು ಅಂತ. ಅದೇನದು?"

"ಮೆತ್ತಗ ಮಾತಾಡಾಂವ ಅಂತ ಕಾಕಾ."

"ಯಾರು?"

"ನೀನs."

ಅವನು ನಗಬೇಕಿತ್ತು. ನಗುತ್ತಾನೆಂದು ನಾನು ಕಾದೆ. ಅವನು ಹಾರದ ಒಂದು ಚೆಂಡುಹೂವನ್ನು ಬಿಡಿಸುತ್ತ, "ಎಲ್ಲಾರೂ ಕೇಳ್ಯಾರಲ್ಲ," ಎಂದ. ಹೆದರಿದವನ ದನಿಯಲ್ಲಿ ಹೇಳಿದ. ಅದು ಹೆದರಿಕೆ ಎಂದು ಆಗ ತಿಳಿಯಲಿಲ್ಲ, ಹೆಮ್ಮೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಾಕಾ ಹೊಸ ಜಮಖಾನೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೆರೆಗೆ ಹೋದ. ಊರವರು ನೋಡಬೇಕಲ್ಲ. ಹಾಸಿದ. ಕೆಂಪು ನೆಲದ ಮೇಲೆ ಬೆಳ್ಳಗೆ, ಮೊಳದುದ್ದ, ಬಸಪ್ಪ. ಕೂಡಲು ಬಗ್ಗಿದವನು ಹಾಗೇ ನಿಂತ. ಬರೇ ಅವನ ಹೆಸರಾಗಿದ್ದರೆ ಏನೋ. ಅದು ಬಸವಣ್ಣನ ಹೆಸರು. ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಯಾವ ಹೆಸರು ಹೇಳುತ್ತಾನೋ ಆ ಹೆಸರಿನ ಮೇಲೆ ಕೂಡುವುದು ಹೇಗೆ? ಮಗುಚಿ ಹಾಕಿದ. ಜಮಖಾನೆಗೆ ಹಿಂದು ಮುಂದು ಎರಡೂ ಒಂದೇ. ಹೆಸರು ತಿರುಗುಮುರುಗಾಗಿ ಕಂಡಿತು, ಅಷ್ಟೇ. ಅರ್ಧಕ್ಕೆ ಮಡಚಿದ. ಹೆಸರು ಒಳಗೆ ಹೋಯಿತು, ಆದರೆ ಒಳಗೆ ಇದೆ ಎಂದು ಅವನಿಗೆ ಗೊತ್ತಿತ್ತಲ್ಲ. ಕೊನೆಗೆ ಜಮಖಾನೆಯನ್ನು ಚೆನ್ನಾಗಿ ಬಿಡಿಸಿ ಹಾಸಿ, ತಾನು ಅದರ ಬಾಜು ಮರಕ್ಕೆ ಆತು ನಿಂತ. ಬೇವಿಗೋ, ಬನ್ನಿಗೋ. ನೀರಿಗೆ ಬಂದವರು ನೋಡಿದರು: ಜಮಖಾನೆ ಕೂತಿತ್ತು, ಕಾಕಾ ನಿಂತಿದ್ದ.

ಇನ್ನು ಬಾಯಿ. ಚಪ್ಪಲಿ ಮೆಟ್ಟಿ ಇಳಿಯುತ್ತಿದ್ದವನನ್ನು ನೋಡಿ ಕಾಕಾನ ಗಂಟಲು ಉಬ್ಬಿತಂತೆ, ಆಮೇಲೆ ಇಳಿಯಿತಂತೆ.

"ತಮ್ಮಾ, ಕೆರಾ ಅಲ್ಲೇ ಬಿಟ್ಟ ಬಂದ್ರ ಚಲೋ ಆಗತಿತ್ತ ನೋಡ್ರಿ."

ಆ ತಮ್ಮ ಹಿಂದೆ ತಿರುಗಿ ನೋಡಿದ. ತನ್ನ ಹಿಂದೆ ಯಾರೋ ದೊಡ್ಡ ಮನುಷ್ಯರು ಬಂದಿರಬೇಕೆಂದು. ಯಾರೂ ಇರಲಿಲ್ಲ. ಕೆರಾ ಹಾಕಿಕೊಂಡೇ ಇಳಿದ.

"ಕಾಕಾ, ಮೈಯಾಗ ಆರಾಮ ಐತಿಲ್ರಿ?" ಎಂದು ಕೇಳಿದರು ಕೆಲವರು. "ಬಸಪ್ಪಾರು ಅನ್ರಿ, ಈಗ ಸನ್ಮಾನ ಆದವರು," ಎಂದು ಕಾಲೆಳೆದರು ಕೆಲವರು. ಒಂದು ವಾರದಲ್ಲಿ ಮೆಟ್ಟಿಲ ಮೇಲೆ ಕೊಡ ತಿಕ್ಕಿದ ಬೂದಿ ಕಾಣತೊಡಗಿತು. ಹತ್ತು ದಿನಕ್ಕೆ ಒಂದು ಎಮ್ಮೆ ಬಂದು ನೀರಿನ ಅಂಚಿನಲ್ಲಿ ನಿಂತು ತನ್ನ ಮುಖ ನೋಡಿಕೊಂಡು ಹೋಯಿತು. ಕಾಕಾ ಪ್ರತಿದಿನ ಹೋಗುತ್ತಿದ್ದ; ಜಮಖಾನೆ ಹಾಸುತ್ತಿದ್ದ; ಮೆತ್ತಗೆ ಹೇಳುತ್ತಿದ್ದ; ನಿಂತು ನಿಂತು ಎಡಗಾಲು ಬಾತು ಮನೆಗೆ ಬರುತ್ತಿದ್ದ. ಕಾಕು ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ನಾನು ಆಗ ಏನು ಮಾಡುತ್ತಿದ್ದೆ? ಇಡೀ ಊರೇ ಕೃತಘ್ನ ಎಂದು ದಿನಚರಿಯಲ್ಲಿ ಬರೆಯುತ್ತಿದ್ದೆ. ಆ ಪುಟಗಳು ಬೇಕಾದಷ್ಟಿವೆ.

ಒಂದು ಬೆಳಿಗ್ಗೆ ಅವ್ವನಿಗೆ ಮೈ ಸರಿಯಿರಲಿಲ್ಲ, ನೀರಿಗೆ ನಾನೇ ಹೋದೆ. ಹೊತ್ತು ಆಗಲೇ ಏರಿತ್ತು. ಹೆಂಗಸರೆಲ್ಲ ತುಂಬಿಕೊಂಡು ಹೊರಟಿದ್ದರು. ಬಂಡೆಯ ಹತ್ತಿರ ಫಕೀರವ್ವ ನಿಂತಿದ್ದಳು, ಕೊಡ ಬರಿದು. ಅವಳು ಬಂದಾಗ ಇನ್ನೂ ಮಂಜಿತ್ತಂತೆ. ಅಂದು ಕಾಕಾ ಏಳೆಂಟು ಮಂದಿಗೆ "ಯವ್ವಾ, ಆ ಮುದುಕಿಗೆ ಒಂದಿಷ್ಟ ಹಾಕಿದ್ರ ಪುಣ್ಯಾ ಬರತೈತ್ರಿ" ಎಂದು ಹೇಳಿದ್ದನಂತೆ. ಎಲ್ಲರೂ "ಹೂನ್ರಿ ಕಾಕಾ" ಎಂದು ನಕ್ಕು, ಹೋದರು. ಮೆತ್ತಗೆ ಹೇಳಿದ್ದನ್ನು ಮೆತ್ತಗೆ ದಾಟಿ ಹೋಗುವುದು ಬಹಳ ಸುಲಭ.

ನಾನು ಅವಳ ಕೊಡಕ್ಕೆ ನೀರು ಸುರಿದೆ. ಅರ್ಧ ಹೊರಗೆ ಚೆಲ್ಲಿತು. ಅವಳು ಕೊಡ ಎತ್ತಿಕೊಳ್ಳಲಿಲ್ಲ. ಕಾಕಾನ ಕಡೆ ತಿರುಗಿದಳು.

"ಯಪ್ಪಾ, ನಿನಗ ಯಾರ ಏನ ಮಾಡ್ಯಾರೋ?"

"ಏನ ಮಾಡ್ಯಾರಬೇ. ಸನ್ಮಾನ ಮಾಡ್ಯಾರ."

"ಚಲೋ ಆತು. ಆದ್ರ ನೀ ಬೈದ್ರ ನನಗ ನೀರ ಸಿಗತಿದ್ದೂವೋ ಯಪ್ಪಾ."

ಕಾಕಾ ಜಮಖಾನೆಯನ್ನು ಮೆಲ್ಲಗೆ ಸುತ್ತಿದ, ಹೆಗಲಿಗೆ ಹಾಕಿಕೊಂಡ, ನನ್ನ ಮುಂದೆ ಕುಂಟುತ್ತ ನಡೆದ. ಕಡಲೆ ಹೊಲದ ಬದುವಿನ ಮೇಲೆ ಅವನ ಹಿಂದೆ ನಾನು, ತಲೆಯ ಮೇಲೆ ಕೊಡ. ಮನೆ ಹತ್ತಿರವಾದಾಗ ಹಿಂದೆ ತಿರುಗದೆ ಕೇಳಿದ: "ಅದನ್ನ ಹೊಡದ ಹಾಕಾಕ ಬರತೈತೇನ? ಆ ಕಾಗದದಾಗಿಂದು, ಮೃದು ಅಂಬೂದು?"

"ಬರತೈತಿ ಕಾಕಾ."

ಸಂಜೆ ಮಾನಪತ್ರದ ಆ ಸಾಲಿನ ಮೇಲೆ ನಾನು ಮಸಿಯ ಗೆರೆ ಎಳೆದೆ. ಗಾಜು ಹಾಕಿಸಿದ್ದನ್ನು ಬಿಚ್ಚಬೇಕಾಯಿತು. ಅವನು ಬಾಜು ಕೂತು, ಗೆರೆ ಸರಿಯಾಗಿ ಬಿತ್ತೋ ಇಲ್ಲವೋ ಎಂದು ನೋಡಿದ.

ಮತ್ತೆ ಎರಡು ಮೂರು ದಿನ ಅವನು ಕೆರೆಗೆ ಹೋಗಲಿಲ್ಲ. ಹೋಗುವುದೇ ಇಲ್ಲವೇನೋ ಎಂದು ಹೆದರಿದೆ. ಇಷ್ಟು ವರ್ಷ ಅವನು ಕೂತ ಜಾಗದಿಂದ ಅವನನ್ನು ಯಾವ ಬೇಸಿಗೆಯೂ ಯಾವ ಜಗಳವೂ ಎಬ್ಬಿಸಿರಲಿಲ್ಲ. ನನ್ನ ಚೌಕುಳಿ ಹಾಳೆ ಎಬ್ಬಿಸಿತಲ್ಲ ಎಂದು ಒಳಗೊಳಗೇ ಬೆಂದೆ. ಇವತ್ತಿಗೂ ಸನ್ಮಾನದ ಕರೆಯೋಲೆ ಬಂದರೆ, ಒಳಗಿನ ಹೆಸರು ಓದುವ ಮೊದಲು, ಆ ಮನುಷ್ಯ ನಾಳೆ ಬೆಳಿಗ್ಗೆ ಎಲ್ಲಿ ಕೂಡಬೇಕು ಎಂದು ಯೋಚನೆ ಬರುತ್ತದೆ. ಸನ್ಮಾನ ಮಾಡಬಾರದು ಎಂದಲ್ಲ. ಅಂದು ಕುರ್ಚಿಯ ಮೇಲೆ ಕೂತಿದ್ದಾಗ ಕಾಕಾನ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆಯೇ? ಬಿಸಿಲು ಬಹಳವಿತ್ತು.

ನಾಲ್ಕನೆಯ ದಿನವಿರಬೇಕು. ಬೆಳಗಿನ ಜಾವದ ನಿದ್ದೆಯ ಅಂಚಿನಲ್ಲಿದ್ದೆ. ಮಂಜಿನ ಮೇಲೆ ತೇಲಿಕೊಂಡು, ಕಡಲೆ ಹೊಲ ದಾಟಿ, ನಮ್ಮ ಬೆಳಕಿಂಡಿಯಿಂದ ಒಳಗೆ ಬಂತು:

"ಯಾಂವಲೇ ಅಂವಾ! ಕಾಲ ಕಡದ ಕೈಯಾಗ ಕೊಡತೇನಿ ಮಗನ! ಮೊದಲ ಆ ಮುದುಕಿ ಕೊಡಾ ತುಂಬು!"

ಆಮೇಲೆ ಎದುರಿನ ಏರಿಯಿಂದ ಇನ್ನೊಮ್ಮೆ, ಮೆತ್ತಗೆ. ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಅವ್ವ ಪೊರಕೆ ಹಿಡಿದೇ ನಕ್ಕಳು. ಓಣಿಯಲ್ಲಿ ಯಾರೋ "ಬಂದ್ನಪಾ ನಮ್ಮ ಮೃದುಭಾಷಿ," ಎಂದರು. ನಾನು ಓಡಿ ಹೋದೆ. ಕಾಕಾ ಮೇಲಿನ ಮೆಟ್ಟಿಲ ಬಾಜು, ಎಡಗಾಲು ಚಾಚಿ, ಕೂತಿದ್ದ. ನನ್ನ ನೆನಪಿನಲ್ಲಿ ಅವನ ಕೆಳಗೆ ಕೆಂಪು ಬಣ್ಣವಿದೆ. ಅವ್ವ ಹೇಳುತ್ತಾಳೆ: ಸುಳ್ಳು, ಗೋಣಿಚೀಲ ಹಾಸಿಕೊಂಡಿದ್ದ, ಸಾಯುವವರೆಗೂ ಗೋಣಿಚೀಲವೇ ಇತ್ತು. ಮರದ ವಿಷಯದಲ್ಲಿ ಸೋತರೂ ಚಿಂತೆಯಿಲ್ಲ, ಈ ವಿಷಯದಲ್ಲಿ ನನಗೆ ಗೆಲ್ಲಬೇಕಿತ್ತು. ಸಾಕ್ಷಿಯೇ ಇರಲಿಲ್ಲ. ಅಟ್ಟದಿಂದ ಹೆಸರಿಲ್ಲದ ಆ ಕೆಂಪು ಸುರುಳಿ ಇಳಿಯುವವರೆಗೆ.

ಈಗ ಮತ್ತೆ ನವಲಗುಂದದ ಆ ಅಂಗಳಕ್ಕೆ ಬರುತ್ತೇನೆ. ಜಮಖಾನೆಯನ್ನು ಕಾಕುವಿನ ಮುಂದೆ ಬಿಚ್ಚಿ ಹಿಡಿದೆ. ಅವಳು ಅದನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಕಣ್ಣು ಈಗ ಅಷ್ಟು ಕಾಣುವುದಿಲ್ಲ. ಬೆರಳು ತಾನಾಗಿಯೇ ನಡುವಿನ ಆ ಉಬ್ಬಿಗೆ ಹೋಯಿತು. ನಾನೂ ಬಗ್ಗಿ ನೋಡಿದೆ. ಹೆಸರು ಶುರುವಾಗುವ ಕಡೆ ಹೊಲಿಗೆ ದೊಡ್ಡದು, ಒರಟು. ಕಾಕಾ ದಬ್ಬಣದಿಂದ ಜೋಳದ ಚೀಲ ಹೊಲಿಯುತ್ತಿದ್ದನಲ್ಲ, ಹಾಗೆ. ಮುಂದೆ ಮುಂದೆ ಸಣ್ಣದಾಗುತ್ತ, ಕೊನೆಯ ಅಕ್ಷರದ ಜಾಗಕ್ಕೆ ಬರುವಷ್ಟರಲ್ಲಿ ಅಕ್ಕಿಕಾಳಿನಷ್ಟು ಆಗಿತ್ತು. ಅಂಥ ಹೊಲಿಗೆ ಕಾಕು ಕೌದಿಗೆ ಹಾಕುತ್ತಿದ್ದಳು. ಒಬ್ಬರೇ ಹೊಲಿಯುತ್ತ ಹೊಲಿಯುತ್ತ ಕೈ ಕುದುರಿತೋ, ನಡುವೆ ಎಲ್ಲೋ ಸೂಜಿ ಕೈ ಬದಲಿಸಿತೋ. ಬಿಚ್ಚಿದ ಬಿಳಿ ನೂಲು ಏನಾಯಿತು? ಬಸವಣ್ಣನ ಹೆಸರಾಗಿದ್ದ ನೂಲನ್ನು ತಿಪ್ಪೆಗೆ ಎಸೆಯಲಾರರು. ಆ ಚಳಿಗಾಲ ಕಾಕುವಿನ ದೇವರ ಜಗಲಿಯಲ್ಲಿ ದೀಪದ ಬತ್ತಿ ಬಹಳ ದಪ್ಪವಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಇದು ನೆನಪಲ್ಲ. ಬಸ್ಸಿನಲ್ಲಿ ಬರುವಾಗ ಹುಟ್ಟಿದ್ದು ಎಂದೇ ನನ್ನ ಗುಮಾನಿ.

ಕಾಕು ಎದ್ದು ಜಮಖಾನೆಯನ್ನು ಎರಡು ಸಲ ಝಾಡಿಸಿದಳು. ಸುಣ್ಣದ ಧೂಳು ಬಿಸಿಲಲ್ಲಿ ತೇಲಿತು. ನೆರಳಿನಲ್ಲಿ ಹಾಸಿ, ತಾನು ನವಿಲಿನ ಮೂಲೆಗೆ ಸರಿದು ಕೂತು, ಹೆಸರಿದ್ದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. "ಕುಂಡ್ರ ಬೇ," ಎಂದಳು.

ನಾನು ನಿಂತೇ ಇದ್ದೆ. ಕೇಳಿದೆ. ಅವಳ ಕೈ ಅದೇ ಜಾಗವನ್ನು ಇನ್ನೊಮ್ಮೆ ತಟ್ಟಿತು. ಆಮೇಲೆ ನಾನು ಬರೆದ ಎರಡು ಕಾಗದಕ್ಕೂ ಮಗಳ ಕೈಯಲ್ಲಿ ಊರ ಸುದ್ದಿಯೆಲ್ಲ ಬರೆಸಿ ಕಳಿಸಿದ್ದಾಳೆ, ಇದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಕುಂಡ್ರತೇನಿ ಕಾಕು, ಮೊದಲ ನೀ ಹೇಳು. ಇದನ್ನ ಬಿಚ್ಚಾಕ ಶುರು ಮಾಡಿದಾವ್ರು ಯಾರು, ಅಂವಾನೋ, ನೀನೋ?"